ಪಾನಾ ಹಿಡಿದವರ ಕನ್ನಡ

ಹೋದ ತಿಂಗಳು ವಿಚಾರ ಸಂಕಿರಣವೊಂದರಲ್ಲಿ ‘ಕಾಯಕ’ ಎಂಬ ಪದ ಎಷ್ಟು ಸಲ ಬಂತೋ ಲೆಕ್ಕವಿಲ್ಲ. ಮಧ್ಯಾಹ್ನದ ಗೋಷ್ಠಿಯಲ್ಲಿ ನಾನು ಗ್ಯಾರೇಜಿನ ಭಾಷೆಯ ಬಗ್ಗೆ ಪ್ರಬಂಧ ಓದಿದೆ. ಅಧ್ಯಕ್ಷತೆ ವಹಿಸಿದ್ದ ಹಿರಿಯರು ಒಂದೇ ಮಾತಿನಲ್ಲಿ ಮುಗಿಸಿದರು: ‘ಇದರಲ್ಲಿ ಕನ್ನಡ ಎಲ್ಲಿದೆಯಪ್ಪಾ? ಎಲ್ಲಾ ಇಂಗ್ಲಿಷೇ.’ ಸಭೆ ನಕ್ಕಿತು. ಅಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಇಲ್ಲಿ ಕೊಡುತ್ತೇನೆ.

ನನ್ನ ಸೋದರಮಾವನದು ಹಾಸನದಲ್ಲಿ ಒಂದು ಸಣ್ಣ ಗ್ಯಾರೇಜು. ಸಂಕಿರಣ ಮುಗಿದ ಭಾನುವಾರ ಅಲ್ಲಿಗೆ ಹೋದಾಗ ಹಳೆಯದೊಂದು ಮಾರುತಿ 800 ನಿಂತಿತ್ತು. ಆಯಿಲ್ ಕುಡಿಯುತ್ತಿದೆ, ನೀಲಿ ಹೊಗೆ ಬಿಡುತ್ತಿದೆ, ಇಂಜಿನ್ ಇಳಿಸಬೇಕು ಎಂದರು. 1983ರ ಡಿಸೆಂಬರಿನಲ್ಲಿ ರಸ್ತೆಗೆ ಬಂದು, 2014ರ ಜನವರಿಯಲ್ಲಿ ತಯಾರಿಕೆ ನಿಂತ ಕಾರು ಇದು. ಇಂಜಿನ್ 796 ಸಿಸಿ, ಮೂರೇ ಸಿಲಿಂಡರು. ಇಷ್ಟು ಸಣ್ಣದನ್ನು ಎತ್ತಲು ಎಷ್ಟು ಹೊತ್ತು ಅಂದುಕೊಂಡೆ. ಆದರೆ ಮಧ್ಯಾಹ್ನದವರೆಗೂ ಇಂಜಿನ್ ಅಲುಗಲೇ ಇಲ್ಲ. ಅಷ್ಟು ಹೊತ್ತು ನಡೆದದ್ದು ತಯಾರಿ.

ಸಮನೆಲದಲ್ಲಿ ನಿಲ್ಲಿಸಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟದ್ದಾಯಿತು. ಆಮೇಲೆ ಬ್ಯಾಟರಿಯ ಮೈನಸ್ ವೈರು. ‘ಪ್ಲಸ್ ಮೊದಲು ಬಿಚ್ಚಬಾರದಾ ಮಾವ?’ ಎಂದೆ. ‘ಬಿಚ್ಚು. ಪಾನಾ ಬಾಡಿಗೆ ತಾಗಿದಾಗ ಗೊತ್ತಾಗತ್ತೆ ಕಣೋ’ ಎಂದರು. ಗಾಡಿಯ ತಗಡೆಲ್ಲ ಮೈನಸ್ಸಿಗೆ ಸೇರಿರುತ್ತದೆ. ಪ್ಲಸ್ಸಿನ ಮೇಲಿರುವ ಪಾನಾ ಅದಕ್ಕೆ ತಾಗಿದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಮೈನಸ್ ಮೊದಲು ಬಿಡಿಸಿದರೆ ಆ ಭಯವಿಲ್ಲ. ಬಾನೆಟ್ ತೆಗೆಯುವ ಮುಂಚೆ ಅದರ ಕೀಲಿನ ಸುತ್ತ ಗೆರೆ ಎಳೆದರು, ತಿರುಗಿ ಕೂರಿಸುವಾಗ ಅದೇ ಜಾಗಕ್ಕೆ ಬರಲೆಂದು. ತಣ್ಣಗಾದ ರೇಡಿಯೇಟರಿನ ನೀರು ಬಸಿದರು, ಆಯಿಲ್ ಇಳಿಸಿದರು. ಏರ್ ಕ್ಲೀನರ್, ಪೆಟ್ರೋಲ್ ಪೈಪು, ಕ್ಲಚ್ ಕೇಬಲ್ಲು, ಸೈಲೆನ್ಸರ್ ಪೈಪು ಒಂದೊಂದಾಗಿ ಕಳಚಿಕೊಂಡವು. ಪ್ರತಿ ವೈರಿಗೂ ಟೇಪು, ಟೇಪಿನ ಮೇಲೆ ನಂಬರು. ಬಿಚ್ಚಿದ ಬೋಲ್ಟು ಆದಷ್ಟೂ ಅದರದೇ ತೂತಿಗೆ ವಾಪಸ್ಸು, ಉಳಿದವು ಡಬ್ಬಿಗೆ. ಚೈನ್ ಪುಲ್ಲಿ ಇಂಜಿನ್ನಿನ ಭಾರ ಹಿಡಿದ ಮೇಲಷ್ಟೇ ಮೌಂಟಿಂಗ್ ಬೋಲ್ಟಿಗೆ ಕೈ ಹಾಕಿದರು. ಎತ್ತುವ ಮುನ್ನ ಮಾವ ಸುತ್ತಲೂ ಕೈಯಾಡಿಸಿದರು. ‘ಎಲ್ಲೋ ಒಂದು ಇನ್ನೂ ಹಿಡ್ಕೊಂಡಿರತ್ತೆ.’ ಹಿಡಿದುಕೊಂಡಿತ್ತು. ಗೇರ್‌ಬಾಕ್ಸಿನಿಂದ ಬಾಡಿಗೆ ಬಿಗಿದಿದ್ದ ಅರ್ಥ್ ವೈರು.

ಈಗ ಹಿರಿಯರ ಪ್ರಶ್ನೆಗೆ ಬರೋಣ. ಕನ್ನಡ ಎಲ್ಲಿದೆ? ಕ್ರಿಯಾಪದಗಳಲ್ಲಿದೆ. ಬಿಚ್ಚು, ಕಳಚು, ಬಸಿ, ಸಡಿಲಿಸು, ಕೂರಿಸು, ಬಿಗಿ, ಇಳಿಸು. ವಸ್ತುಗಳ ಹೆಸರು ಹೊರಗಿನಿಂದ ಬಂದಿವೆ, ಏಕೆಂದರೆ ವಸ್ತುಗಳೇ ಹೊರಗಿನಿಂದ ಬಂದವು. ಅವುಗಳಿಗೆ ಏನು ಮಾಡಬೇಕು, ಯಾವುದಾದ ಮೇಲೆ ಯಾವುದು, ಎಷ್ಟು ಬಿಗಿ ಸಾಕು ಎಂಬ ವಿವೇಕವೆಲ್ಲ ಕನ್ನಡದಲ್ಲೇ ನಡೆಯುತ್ತದೆ. ನಾಮಪದಗಳನ್ನಷ್ಟೇ ಎಣಿಸಿ ಭಾಷೆಯ ಕುಲ ನಿರ್ಧರಿಸುವವರಿಗೆ ವ್ಯಾಕರಣ ಮರೆತಿದೆ. ಪಠ್ಯಪುಸ್ತಕದ ‘ಅಂತರ್ದಹನ’ ಶುದ್ಧ ಪದವಿರಬಹುದು. ಆದರೆ ನನ್ನ ಮಾವನಿಗೆ ಅದು ಇಂಗ್ಲಿಷಿಗಿಂತ ದೂರದ್ದು.

ಇನ್ನೊಂದು ಇಬ್ಬಂದಿತನವೂ ನಮ್ಮಲ್ಲಿದೆ. ಕುಂಬಾರಿಕೆ, ನೇಯ್ಗೆ, ಕಮ್ಮಾರಿಕೆಯ ಪದಗಳನ್ನು ಜಾನಪದವೆಂದು ಜೋಪಾನವಾಗಿ ಸಂಗ್ರಹಿಸುತ್ತೇವೆ. ಕುಂಬಾರನ ತಿಗರಿ ಸಂಸ್ಕೃತಿ, ಮೆಕ್ಯಾನಿಕ್‌ನ ಪಾನಾ ಕಂಗ್ಲಿಷು! ಕಸುಬು ಸಾಯುವವರೆಗೆ ಕಾದು, ಸತ್ತ ಮೇಲೆ ಪದಕೋಶ ಮಾಡುವುದು ನಮ್ಮ ಪದ್ಧತಿ. ಕಾರ್ಬುರೇಟರ್ ಸದ್ದು ಕೇಳಿಯೇ ಕಾಯಿಲೆ ಹೇಳುವ ಕಿವಿಗಳಿಗೂ ಈಗ ವಯಸ್ಸಾಗಿದೆ. ಮಾವನ ಗ್ಯಾರೇಜಿಗೆ ಹೊಸ ಹುಡುಗರು ಬರುತ್ತಿಲ್ಲ.

12ನೇ ಶತಮಾನದವರು ಹೀಗೆ ಕಾಯಲಿಲ್ಲ. ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೇದರ ಕೇತಯ್ಯ ತಮ್ಮ ಕಸುಬನ್ನು ಹೆಸರಿನಲ್ಲೇ ಹೊತ್ತವರು. ಅವರ ಮೇಲೆ ಪಿಎಚ್.ಡಿ. ಮಾಡುವ ನಾವು ಅವರಂತೆಯೇ ದುಡಿಯುವವರು ಇವತ್ತು ಆಡುವ ಮಾತಿಗೆ ನಗುತ್ತೇವೆ. ಗಿಡಮರಗಳ ವಿಜ್ಞಾನವನ್ನು ಸಾಹಿತ್ಯವಾಗಿಸಿದ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ವಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಸ್ಯಕ್ಕೆ ಒಗ್ಗಿದ ಕನ್ನಡ ಸಿಲಿಂಡರಿಗೆ ಒಗ್ಗುವುದಿಲ್ಲವೇ?

ಗ್ಯಾರೇಜನ್ನು ನಾನು ವೈಭವೀಕರಿಸುತ್ತಿಲ್ಲ. ಮಾವನ ಬೆನ್ನು ಹೋಗಿದೆ, ಮುಂಗೈಯಲ್ಲಿ ಸುಟ್ಟ ಕಲೆಗಳಿವೆ. ‘ನೀನು ಓದಪ್ಪ, ಈ ಮಸಿ ನಿಂಗೆ ಬೇಡ’ ಎಂದು ನನ್ನನ್ನು ಕಾಲೇಜಿಗೆ ಕಳಿಸಿದವರು ಅವರೇ. ಓದಿದ್ದರ ಫಲವಾಗಿ ಅವರ ಮಾತಿಗೆ ನಗುವವರ ಸಾಲಿನಲ್ಲಿ ಕೂರಬೇಕೆಂದರೆ ನನ್ನಿಂದಾಗದು.

ಕೇಳುವುದಿಷ್ಟೇ. ಕನ್ನಡ ವಿಭಾಗಗಳು ಗ್ಯಾರೇಜು, ಲೇಥ್ ಶಾಪು, ಪಂಪ್ ರಿಪೇರಿ ಅಂಗಡಿಗಳ ಮಾತನ್ನು ಜೀವಂತವಿರುವಾಗಲೇ ದಾಖಲಿಸಲಿ. ಪದಪಟ್ಟಿ ಮಾತ್ರ ಸಾಲದು, ಇಡೀ ಕೆಲಸವನ್ನು ಅದು ನಡೆಯುವ ಕ್ರಮದಲ್ಲಿ ಬರೆದಿಡಬೇಕು. ಹೇಳಿಕೊಟ್ಟವರ ಹೆಸರು ಕೃತಜ್ಞತೆಯ ಪುಟದಲ್ಲಿ ಅಡಗದೆ ಲೇಖಕರ ಸಾಲಿನಲ್ಲಿ ಬರಲಿ. ನನ್ನ ಪ್ರಬಂಧದ ಮುಂದಿನ ಅಧ್ಯಾಯ ಆ ಭಾನುವಾರದ ಬೆಳಗ್ಗೆಯದು. ಅದು ಕನ್ನಡವಲ್ಲ ಎನ್ನುವವರು ಮೊದಲು ಒಮ್ಮೆ ಮಾವನ ಪಕ್ಕ ನಿಂತು, ಹಿಡಿದುಕೊಂಡಿರುವ ಆ ಕೊನೆಯ ವೈರನ್ನು ಹುಡುಕಿ ಕೊಡಲಿ.