ಕಾಗದಕ್ಕೆ ಏರದ ರಾತ್ರಿಗಳು

"ಸುಮ್ನೆ ವಿಚಾರಣೆಗೆ, ಈಗ ಕಳಿಸ್ತೀವಿ" ಎಂದು ಕೂಲಿಯವನನ್ನು ಜೀಪಿಗೆ ಹತ್ತಿಸುತ್ತಾರೆ. ವಾರಂಟ್ ಇಲ್ಲ, ನೋಟಿಸ್ ಇಲ್ಲ. ಮಾರನೇ ದಿನ ಬುತ್ತಿ ಹಿಡಿದು ಠಾಣೆಗೆ ಬಂದ ಹೆಂಡತಿಗೆ "ಅಂಥವನು ಯಾರೂ ಇಲ್ಲಿಲ್ಲ, ಹೋಗಮ್ಮ" ಎನ್ನುತ್ತಾರೆ. ಮೂರನೇ ದಿನ ಅದೇ ಮನುಷ್ಯನನ್ನು ಕೋರ್ಟಿಗೆ ತರುತ್ತಾರೆ. ಮೆಮೊದಲ್ಲಿ ದಸ್ತಗಿರಿಯ ಸಮಯ: ಅದೇ ದಿನ ಬೆಳಗ್ಗೆ 6 ಗಂಟೆ. ಹಾಗಾದರೆ ಆ ಎರಡು ರಾತ್ರಿ ಅವನು ಎಲ್ಲಿದ್ದ? ಯಾರ ಕೈಯಲ್ಲಿದ್ದ?

ಬಂಧಿಸಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಎನ್ನುತ್ತದೆ ಸಂವಿಧಾನದ 22ನೇ ವಿಧಿ. ಆ ಗಂಟೆಗಳ ಎಣಿಕೆ ಯಾವಾಗ ಶುರುವಾಯಿತೆಂದು ಬರೆಯುವ ಪೆನ್ನು ಮಾತ್ರ ಠಾಣೆಯಲ್ಲಿದೆ. ಇದಕ್ಕೇ 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಹಿಡಿದಾಗಲೇ ಮೆಮೊ ಬರೆಯಿರಿ, ಮನೆಯವರೋ ಊರಿನ ಗೌರವಸ್ಥರೋ ಸಾಕ್ಷಿಯಾಗಿ ಸಹಿ ಹಾಕಲಿ, ಬಂಧುಗಳಿಗೆ ತಿಳಿಸಿ. 2014ರ ಅರ್ನೇಶ್ ಕುಮಾರ್ ತೀರ್ಪು ಇನ್ನೂ ಬಿಗಿ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧವಾದರೆ, ಬಂಧನ ಯಾಕೆ ಬೇಕೇಬೇಕು ಎಂದು ಬರೆದು ತೋರಿಸಬೇಕು. ಬೇಡವಾದರೆ ನೋಟಿಸ್ ಕೊಟ್ಟು ಕರೆಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನಲ್ಲೂ ಇದೇ ಇದೆ.

ಆದರೆ ಆರೋಪಿಯನ್ನು ಬಂಧನದಲ್ಲೇ ಇಡಲು ಪೊಲೀಸರು ಕೋರ್ಟಿಗೆ ಕೊಡುವ ರಿಮಾಂಡ್ ಅರ್ಜಿಗಳನ್ನು ಓದಿ ನೋಡಿ. "ಸಾಕ್ಷ್ಯ ನಾಶಪಡಿಸುವ, ತಲೆಮರೆಸಿಕೊಳ್ಳುವ ಸಂಭವವಿರುತ್ತದೆ." ಸೈಕಲ್ ಕದ್ದ ಆರೋಪಿಗೂ ಅದೇ ಸಾಲು, ಜಗಳಕ್ಕೆ ಸಿಕ್ಕವನಿಗೂ ಅದೇ ಸಾಲು. ಹೆಸರಷ್ಟೇ ಬೇರೆ. ಒಬ್ಬ ಮನುಷ್ಯನ ಕೂಲಿ, ಬಾಡಿಗೆ ಮನೆ, ಮಗಳ ಮದುವೆ ಮಾತುಕತೆ ಎಲ್ಲವನ್ನೂ ಮುರಿದುಹಾಕಲು ಆ ಒಂದು ಸಾಲು ಸಾಕಾಗಿದೆ. ನಾಳೆ ನಿರಪರಾಧಿ ಎಂದು ತೀರ್ಪು ಬಂದರೂ ಓಣಿಯಲ್ಲಿ ಅವನು "ಪೊಲೀಸರು ಎತ್ತಾಕ್ಕೊಂಡು ಹೋದವನೇ".

ನನ್ನ ಸಿಟ್ಟು ಪೊಲೀಸರ ಮೇಲಷ್ಟೇ ಅಲ್ಲ. ಮ್ಯಾಜಿಸ್ಟ್ರೇಟರು "ಪೊಲೀಸರಿಂದ ತೊಂದರೆ ಆಯಿತಾ?" ಎಂದು ಕೇಳುತ್ತಾರೆ. ಹೊಡೆದವನೇ ಪಕ್ಕದಲ್ಲಿ ನಿಂತಿರುತ್ತಾನೆ. ಆರೋಪಿ ತಲೆ ಅಲ್ಲಾಡಿಸುತ್ತಾನೆ, ದೂರಿಲ್ಲ ಎಂದು ದಾಖಲಾಗುತ್ತದೆ, ಸಹಿ ಬೀಳುತ್ತದೆ. ಇದು ವಿಚಾರಣೆಯೇ?

ಮ್ಯಾಜಿಸ್ಟ್ರೇಟರೇ, ಪೊಲೀಸರನ್ನು ಹೊರಗೆ ಕಳಿಸಿ, "ನಿನ್ನನ್ನು ಯಾವಾಗ ಕರೆತಂದರು?" ಎಂದು ಕೇಳಿ. ಠಾಣೆಯ ಒಳಬರುವ, ಹೊರಹೋಗುವ ಬಾಗಿಲಿಗೆಲ್ಲ ಕ್ಯಾಮೆರಾ ಹಾಕಿ ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಆದೇಶಿಸಿದೆ. ಆ ದೃಶ್ಯ ತರಿಸಿ, ಮೆಮೊದ ಸಮಯದ ಪಕ್ಕ ಇಡಿ. ತಾಳೆಯಾಗದಿದ್ದರೆ ರಿಮಾಂಡಿಗೆ ಸಹಿ ಹಾಕಬೇಡಿ. ಮೆಮೊ ಬರೆದವರ ಮೇಲೆ ಕೇಸು ಹಾಕಿಸಿ.