ಕಳ್ಳನಿಲ್ಲದ ಕಳವು

ಮಕ್ಕಳ ಕೈಯಲ್ಲಿ ಪತ್ತೇದಾರಿ ಪುಸ್ತಕ ಕಂಡೊಡನೆ ಮುಖ ಸಿಂಡರಿಸುವ ಹಿರಿಯರು ನಮ್ಮಲ್ಲಿ ಇಂದಿಗೂ ಕಡಮೆಯಾಗಿಲ್ಲ. ಕಳ್ಳತನದ ಕಥೆ ಓದಿದವನು ಕಳ್ಳತನವನ್ನೇ ಕಲಿಯುತ್ತಾನೆ, ಅದರ ಬದಲು ನೀತಿಪಾಠ ಓದಲಿ ಎಂಬುದು ಅವರ ವಾದ. ಈ ಮಹನೀಯರೊಡನೆ ನನಗೊಂದು ಜಗಳವಿದೆ. ಅದು ಹುಟ್ಟಿದ್ದು ಆದಿಚುಂಚನಗಿರಿಯಲ್ಲಿ.

ಕಳೆದ ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಬೆಳ್ಳೂರು ಕ್ರಾಸಿನ ದಾರಿಯಾಗಿ ಕ್ಷೇತ್ರಕ್ಕೆ ಹೋಗಿದ್ದೆವು. ಬಿಂದು ಸರೋವರದಲ್ಲಿ ಮಿಂದು, ಹೂವು ಕೊಂಡು, ಚೀಲಗಳನ್ನು ಹೂವಿನ ಮುದುಕಿಯ ಬಳಿಯೇ ಬಿಟ್ಟು ಕಾಲಭೈರವೇಶ್ವರನ ದರ್ಶನಕ್ಕೆ ನಡೆದೆವು. ದಾಸೋಹದ ಊಟ ಮುಗಿಸಿ ಬಂದು ನೋಡಿದರೆ ಅತ್ತಿಗೆಯ ಪರ್ಸು ಇಲ್ಲ. ವಿಚಾರಣೆಗೆ ಮೊದಲೇ ತೀರ್ಪಾಯಿತು. "ಭೈರವನ ಮೇಲೆ ಆಣೆ ಮಾಡು" ಎಂದು ಅಣ್ಣ ಗದರಿದ. ಮುದುಕಿ ಬುಟ್ಟಿ ಕೆಳಗಿಟ್ಟು, ಆಣೆ ಮಾಡಿ, ಸೆರಗು ಕೊಡವಿ ತೋರಿಸಿದಳು. ಅದನ್ನೂ ನಂಬದೆ, ಶಪಿಸುತ್ತಲೇ ಬಸ್ಸಿನ ನಿಲ್ದಾಣಕ್ಕೆ ಬಂದೆವು.

ಅಣ್ಣನ ಮಗನಿಗೆ ಹನ್ನೆರಡು ವರ್ಷ. ಅಜ್ಜನ ಟ್ರಂಕಿನಲ್ಲಿರುವ ಎನ್. ನರಸಿಂಹಯ್ಯನವರ ಕಾದಂಬರಿಗಳನ್ನು ಕದ್ದು ಓದುವ ಚಟದವನು. (ಮನೆಯಲ್ಲಿ ನಡೆದಿರುವ ನಿಜವಾದ ಕಳವು ಅದೊಂದೇ.)

"ಅಪ್ಪಾ, ಹೂವಿಗೆ ದುಡ್ಡು ಕೊಟ್ಟಿದ್ದು ಯಾರು?"

"ನಾನೇ. ನಿಮ್ಮಮ್ಮನಿಗೆ ಪರ್ಸು ಕೈಗೆ ಸಿಗಲಿಲ್ಲ."

"ಹಾಗಾದರೆ ಚೀಲ ಅಜ್ಜಿ ಹತ್ತಿರ ಬಿಡೋಕೆ ಮೊದಲೇ ಅದು ಇರಲಿಲ್ಲ."

ಸರೋವರದ ಬಳಿ ಹಿಂಡಿ ಸುತ್ತಿದ್ದ ಒದ್ದೆ ಸೀರೆಯ ಗಂಟನ್ನು ಅವನು ಬಿಚ್ಚಿದ. ಪರ್ಸು ಅದರೊಳಗೆ ನೆನೆದು ಕುಳಿತಿತ್ತು. ಎಲ್ಲರೂ ನಕ್ಕೆವು. ಹುಡುಗ ನಗಲಿಲ್ಲ. "ಅಜ್ಜಿಗೆ ಹೇಳಿ ಬರೋಣ" ಎಂದ. ಬಸ್ಸಿಗೆ ಹೊತ್ತಾಯಿತೆಂದ ಅಣ್ಣ. ನಾನೂ ಬಾಯಿ ಬಿಡಲಿಲ್ಲ. ಅವನೊಬ್ಬನೇ ಓಡಿದ. ಬಸ್ಸು ತಪ್ಪಿತು. ಹಿಂತಿರುಗಿದವನನ್ನು ಏನೆಂದಳೆಂದು ಕೇಳಿದೆ. "ನಿಮ್ಮಪ್ಪ ಬರ್ನಿಲ್ವಾ ಮಗ, ಅಂದ್ಲು."

ನೀತಿಪಾಠ ಓದಿ ಬೆಳೆದವರು ನಾವು. ಕಾಲಭೈರವನನ್ನು ಕಾಶಿಯಲ್ಲಿ ಊರಿನ ಕೊತ್ವಾಲನೆಂದು ಕರೆಯುತ್ತಾರೆ. ಆ ಕೊತ್ವಾಲನನ್ನು ಬಡವರನ್ನು ಹೆದರಿಸಲಿಕ್ಕೆ ಮಾತ್ರ ಬಳಸಿಕೊಂಡವರೂ ನಾವೇ. ಮನೆಯಲ್ಲಿ ಚಮಚ ಕಾಣದಿದ್ದರೆ ಕೆಲಸದಾಕೆಯ ಮೇಲೆ ಕಣ್ಣು. ಚಮಚ ಸಿಕ್ಕಿದ ಸುದ್ದಿ ಮಾತ್ರ ಆಕೆಗೆ ತಲಪುವುದಿಲ್ಲ. ಸುಳ್ಳು ಹೇಳಬಾರದೆಂದು ಕಲಿತೆವೇ ಹೊರತು, ಸುಳ್ಳಾಗಿ ಸಂದೇಹಪಟ್ಟೆನೆಂದು ಒಪ್ಪಿಕೊಳ್ಳುವುದನ್ನು ಯಾವ ಪಾಠವೂ ಕಲಿಸಲಿಲ್ಲ.

ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ನರಸಿಂಹಯ್ಯನವರು 2011ರಲ್ಲಿ ತೀರಿಕೊಂಡರು. ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಇವರು ಎಷ್ಟು ಜನರಿಗೆ ಓದಿನ ರುಚಿ ಹತ್ತಿಸಿದರೆಂಬುದನ್ನು ನಮ್ಮ ವಿಮರ್ಶಕರು ಲೆಕ್ಕಕ್ಕೇ ಹಿಡಿಯಲಿಲ್ಲ. ಆದರೆ ಈ ಪಕ್ಷದ ವಕೀಲನಾದ ನನಗೂ ಒಂದು ತಕರಾರಿದೆ. ನಾನು ಓದಿದ ಬಹುಪಾಲು ಪತ್ತೇದಾರಿ ಕಥೆಗಳು ಕೈಕೋಳ ಬಿದ್ದೊಡನೆ ಮುಗಿಯುತ್ತವೆ. ನಡುವೆ ಸಂದೇಹಕ್ಕೆ ಸಿಕ್ಕಿ ನೊಂದ ಅಡಿಗೆಯವನು, ಆಳು, ತೋಟಗಾರ ಎಲ್ಲಿ ಹೋದರೆಂದು ಕೇಳುವವರಿಲ್ಲ.

ಜರ್ಮನಿಯ ಎರಿಕ್ ಕೆಸ್ಟ್ನರ್ 1929ರಲ್ಲಿ ಎಮಿಲ್ ಎಂಬ ಹುಡುಗನ ಕಥೆ ಬರೆದ. ರೈಲಿನಲ್ಲಿ ತನ್ನ ಹಣ ಕದ್ದವನನ್ನು ಎಮಿಲ್ ಗೆಳೆಯರ ದಂಡು ಕಟ್ಟಿಕೊಂಡು ಹಿಡಿಯುತ್ತಾನೆ. ನೋಟುಗಳಿಗೆ ಚುಚ್ಚಿದ್ದ ಗುಂಡುಸೂಜಿಯ ತೂತುಗಳೇ ಅವನಿಗೆ ಸಾಕ್ಷಿ. ಆದರೂ ಅವನು ಮೊದಲು ಪೊಲೀಸರ ಬಳಿ ಹೋಗಲಿಲ್ಲ. ಊರಿನ ಪ್ರತಿಮೆಯೊಂದಕ್ಕೆ ತಾನೇ ಮೀಸೆ ಬರೆದ ಅಪರಾಧ ಮನಸ್ಸನ್ನು ಕುಟುಕುತ್ತಿತ್ತು. ತನ್ನ ಲೆಕ್ಕವನ್ನೂ ಮರೆಯದ ಇಂಥ ಪುಟ್ಟ ಪತ್ತೇದಾರ ಕನ್ನಡದ ಹುಡುಗರಿಗೂ ಬೇಕು.

ಪ್ರಕಾಶಕರಲ್ಲಿ ನನ್ನ ಅರಿಕೆ ಇಷ್ಟೇ: ಪರ್ಸು ಸಿಕ್ಕಿದ ಮೇಲೂ ಎರಡು ಅಧ್ಯಾಯ ನಡೆಯುವ ಕಥೆಯೊಂದನ್ನು ಬರೆಯಿಸಿ ಅಚ್ಚು ಹಾಕಿ. ಹತ್ತು ಪ್ರತಿ ನಾನು ಕೊಳ್ಳುತ್ತೇನೆ. ಮೊದಲನೆಯದು ಅಣ್ಣನಿಗೆ, ಎರಡನೆಯದನ್ನು ನಾನೇ ಇಟ್ಟುಕೊಳ್ಳುತ್ತೇನೆ.