ಹೊಗೆಸೊಪ್ಪಿನ ಗುಣ ನೋಡಲು ಮೂಗೂ ಬೇಕು

ಪೈಪು ಸೇದುವವರು ಮಿಶ್ರಣದ ಹೊಗೆಸೊಪ್ಪನ್ನು ಪರೀಕ್ಷಿಸುವ ಬಗೆಯನ್ನು ಹುಣಸೂರು, ಪಿರಿಯಾಪಟ್ಟಣದ ಬೆಳೆಗಾರರು ತಿಳಿದಿರುವುದು ಒಳ್ಳೆಯದು. ಡಬ್ಬಿ ತೆರೆದೊಡನೆ ಮೂಸುತ್ತಾರೆ. ಬೆರಳಲ್ಲಿ ಹಿಸುಕಿ ಹದ ನೋಡುತ್ತಾರೆ. ತೇವ ಹೆಚ್ಚಿದ್ದರೆ ಪೈಪು ಪದೇ ಪದೇ ಆರುತ್ತದೆ, ತೀರ ಒಣಗಿದ್ದರೆ ಬೇಗ ಉರಿದು ನಾಲಗೆ ಸುಡುತ್ತದೆ. ಬ್ಯಾರನ್ನಿನಲ್ಲಿ ಹದಗೊಳಿಸಿದ ವರ್ಜೀನಿಯಾದ ಸಿಹಿ ಅದರಲ್ಲಿರುವ ಸಕ್ಕರೆಯಿಂದ. ನೆರಳಲ್ಲಿ ಗಾಳಿಗೆ ಒಣಗಿಸಿದ ಬರ್ಲಿಯಲ್ಲಿ ಸಕ್ಕರೆ ಬಲು ಕಡಿಮೆ. ಹೊರಗಿನ ಪಾಕವನ್ನು ಅದು ಚೆನ್ನಾಗಿ ಹೀರುತ್ತದೆ. ಲಟಾಕಿಯಾಕ್ಕೆ ಸೌದೆಯ ಹೊಗೆ ಕೊಟ್ಟಿರುತ್ತಾರೆ. ವೆನಿಲ್ಲಾ ಸುರಿದ ಮಿಶ್ರಣಗಳನ್ನು ಮಾತ್ರ ನಾನು ನಂಬುವುದಿಲ್ಲ. ಸೊಪ್ಪಿನ ಕೊರತೆ ಆ ಪರಿಮಳದಡಿ ಅಡಗಿಬಿಡುತ್ತದೆ.

ಸೇದುವುದು ಆರೋಗ್ಯಕ್ಕೆ ಕೇಡು, ಎರಡು ಮಾತಿಲ್ಲ. ಆದರೆ ಬೆಳೆದವನಿಗೆ ಬೆಲೆಯಾದರೂ ದಕ್ಕಬೇಡವೇ? ತಂಬಾಕು ಮಂಡಳಿಯ ಹರಾಜು ನಮ್ಮಲ್ಲಿ 1984ರಲ್ಲಿ ಆರಂಭವಾಯಿತು. ಅಲ್ಲಿ ದರ್ಜೆ ಕಟ್ಟುವುದು ಗಿಡದಲ್ಲಿ ಎಲೆಯಿದ್ದ ಜಾಗ, ಬಣ್ಣ, ಕಲೆ, ಮೈ ನೋಡಿ. ಸೇದಿ ನೋಡಿ ಅಲ್ಲ. ಆದ್ದರಿಂದ ಬೇಲ್ ಕಟ್ಟುವ ಮುನ್ನ ನೀವೇ ಮೂಸಿ ನೋಡಿ. ಹಸಿ ಹುಲ್ಲಿನ ವಾಸನೆಯಿದ್ದರೆ ಎಲೆ ಹಳದಿಗೆ ತಿರುಗುವ ಮುನ್ನವೇ ಶಾಖ ಏರಿಸಿದ್ದೀರಿ. ಮುಗ್ಗಲು ವಾಸನೆಯಿದ್ದರೆ ನಡುದಂಟು ಪೂರ್ತಿ ಒಣಗಿಲ್ಲ. ಅಂಥ ಎಲೆ ಬೇಲ್‌ನೊಳಗೆ ಬೂಷ್ಟು ಹಿಡಿದು ಪಕ್ಕದ ಒಳ್ಳೆಯ ಎಲೆಯನ್ನೂ ಕೆಡಿಸುತ್ತದೆ. ಅದನ್ನು ಬೇರೆಯಾಗಿಯೇ ತೆಗೆದಿಡಿ.